ಒಂದು ಥರ್ಮಾಸ್ ಅಂಬಲಿಯ ಮೊಕದ್ದಮೆ

ಈ ಪರದೇಶದ ಸಮಾಮಿಶ್ ಕಡೆಯ ಕನ್ನಡ ಮನೆಗಳಿಂದ ಈಗೀಗ ನನಗೆ ಫೋನು ಬರುತ್ತದೆ. ಮಗಳು ಲಾ ಓದುತ್ತೇನೆ ಅಂತಾಳೆ, ಮಗ ಕಂಪ್ಯೂಟರ್ ಬಿಟ್ಟು ಲಾ ಕಡೆ ಹೊರಟಿದ್ದಾನೆ, ನೀವು ಸ್ವಲ್ಪ ಬುದ್ಧಿ ಹೇಳಿ ಎಂದು ಕೇಳುತ್ತಾರೆ. ಬುದ್ಧಿ ಹೇಳಿ ಅಂದರೆ ಅವರ ಮನಸ್ಸು ತಿರುಗಿಸಿ ಎಂದು ಅರ್ಥ. ನಾನು ಯಾರ ಮನಸ್ಸನ್ನೂ ತಿರುಗಿಸುವುದಿಲ್ಲ. ರೆಂಟನ್‌ನ ಒಂದು ಸಣ್ಣ ಕಚೇರಿಯಲ್ಲಿ ಸುಮಾರು ಮೂವತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿ ಹೋದ ವರ್ಷ ನಿವೃತ್ತಳಾದವಳು ನಾನು. ಆ ಕೆಲಸ ನಿಜವಾಗಿ ಹೇಗಿತ್ತು ಎಂದಷ್ಟೇ ಹೇಳಬಲ್ಲೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಗೊತ್ತು, ಮಕ್ಕಳೇ. ನಿಮ್ಮ ಅಮ್ಮನ ಕೈಲಿ ಓದಿಸಿಕೊಳ್ಳಿ. ಅವರ ಕಿವಿಗೂ ಬೀಳಬೇಕಾದ ವಿಷಯ ಇದರಲ್ಲಿದೆ.

ಮೊದಲು ಕ್ರಿಕೆಟ್ಟಿನ ಮಾತು ಮುಗಿಸಿಬಿಡುತ್ತೇನೆ. ಸರೋಜಕ್ಕ, ಅಂದರೆ ನಾನು, ಕರ್ನಾಟಕಕ್ಕೆ ಆಡಿದವರು ಎಂಬ ಸುಳ್ಳು ನಮ್ಮ ಬಳಗದಲ್ಲಿ ಓಡಾಡುತ್ತಿದೆ. ನಾನು ಆಡಿದ್ದು ಎರಡೇ ಪಂದ್ಯ, ಅದೂ ಧಾರವಾಡದಲ್ಲಿ ಓದುವಾಗ ವಿಶ್ವವಿದ್ಯಾಲಯದ ಹುಡುಗಿಯರ ತಂಡಕ್ಕೆ. ವಿಕೆಟ್ ಕೀಪರ್ ಹುಡುಗಿಗೆ ಮದುವೆ ಗೊತ್ತಾಗಿ ಅವಳು ಬಿಟ್ಟಳು. ಇನ್ನಾರೂ ಕುಕ್ಕರುಗಾಲಲ್ಲಿ ಕೂರಲು ಒಪ್ಪಲಿಲ್ಲ, ನಾನು ಒಪ್ಪಿದೆ. ಮೊದಲ ಪಂದ್ಯದಲ್ಲಿ ಎರಡು ಕ್ಯಾಚ್ ಬಿಟ್ಟೆ. ಎರಡನೆಯ ಪಂದ್ಯದಲ್ಲಿ ಕಿರುಬೆರಳು ಮುರಿಯಿತು. ಗದಗಿನಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದ ನಮ್ಮಪ್ಪ ಆ ಬೆರಳನ್ನು ತಿರುಗಿಸಿ ನೋಡಿ, "ಪೆನ್ ಹಿಡಿಯೋ ಬಳ್ಳು ಉಳದಾವಲ್ಲ, ಸಾಕು. ನಾಳಿಂದ ಲಾ ಕಾಲೇಜಿಗೆ ನಡಿ" ಅಂದರು. ನನ್ನ ಕ್ರಿಕೆಟ್ ಜೀವನಚರಿತ್ರೆ ಇಷ್ಟೇ.

ನಾನು ಧಾರವಾಡದಲ್ಲಿ ಎಂಟು ವರ್ಷ ವಕೀಲಿ ಮಾಡಿದ ಮೇಲೆ ನನ್ನ ಯಜಮಾನರಿಗೆ ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇಲ್ಲಿಗೆ ಬಂದಾಗ ನನ್ನ ಸನ್ನದು ಒಂದು ಹಳೆಯ ಕಾಗದವಾಯಿತು. ಈ ರಾಜ್ಯದಲ್ಲಿ ಒಂದು ಪದ್ಧತಿ ಇದೆ. ಲಾ ಕಾಲೇಜಿಗೆ ಹೋಗದೆ ಒಬ್ಬ ವಕೀಲರ ಕಚೇರಿಯಲ್ಲೇ ನಾಲ್ಕು ವರ್ಷ ಕೆಲಸ ಮಾಡುತ್ತ ಅವರ ಕೈಕೆಳಗೆ ಓದಿ ಪರೀಕ್ಷೆಗೆ ಕೂರಬಹುದು. ಹಾಗೆ ಕಲಿಸಲು ಒಪ್ಪುವ ವಕೀಲರು ಸಿಗಬೇಕು. ಹನ್ನೊಂದು ಕಚೇರಿ ಸುತ್ತಿದೆ. ಹನ್ನೆರಡನೆಯವರು ಹಾರ್ಲನ್. ಉದ್ದನೆಯ ಒಣಕಲು ಮನುಷ್ಯ, ನಗುವುದು ಅಪರೂಪ. ಟೈಪಿಂಗ್ ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಅಂದ ಕೂಡಲೇ ಕೂರಿಸಿಕೊಂಡರು.

ಅವರ ಕಲಿಸುವ ರೀತಿ ಹೀಗೆ. ಒಂದು ಕಡತ ಕೊಟ್ಟು ಓದಿಸುತ್ತಿದ್ದರು. ಆಮೇಲೆ ಅದನ್ನು ಬೋರಲು ಹಾಕಿ, ತಮ್ಮ ಕಾಫಿ ಮುಗಿಯುವುದರೊಳಗೆ ಇಡೀ ಕೇಸು ಹೇಳಬೇಕು ಅನ್ನುತ್ತಿದ್ದರು. ಧಾರವಾಡದಲ್ಲಿ ನಾನು ಕಲಿತದ್ದು ಪೀಠಿಕೆಯಿಂದ ಶುರು ಮಾಡುವುದು. ನನ್ನ ಪೀಠಿಕೆ ಮುಗಿಯುವ ಹೊತ್ತಿಗೆ ಅವರ ಕಾಫಿ ಮುಗಿದಿರುತ್ತಿತ್ತು. "ನೀನು ಹೇಳಿದ್ದರಲ್ಲಿ ಅರ್ಧ ಕೇಸಿಗೆ, ಅರ್ಧ ನಿನಗೆ. ನಿನ್ನ ಅರ್ಧ ಬಿಟ್ಟು ಇನ್ನೊಮ್ಮೆ ಹೇಳು" ಅನ್ನುತ್ತಿದ್ದರು. ನಾಲ್ಕು ವರ್ಷ ಇದೇ ಆಯಿತು. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಮನೆಗೆ ಬಂದು ಚಪಾತಿ ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಯಜಮಾನರು ಮಾತ್ರ ಚಪಾತಿ ಮೆತ್ತಗಾಗಿವೆ ಎಂದು ಖುಷಿಯಾಗಿದ್ದರು.

ಪರೀಕ್ಷೆ ಪಾಸಾಗಿ ಮೊದಲ ಸಲ ಕೋರ್ಟಿಗೆ ಒಬ್ಬಳೇ ಹೋದ ದಿನ ನಾನು ಕರಿ ಕೋಟಿನ ಮೇಲೆ, ಕೊರಳಿಗೆ ನಮ್ಮ ಕಡೆಯ ವಕೀಲರು ಕಟ್ಟುವ ಬಿಳಿ ಬ್ಯಾಂಡ್ ಕಟ್ಟಿಕೊಂಡು ಹೋದೆ. ಇಲ್ಲಿ ಯಾರೂ ಕಟ್ಟುವುದಿಲ್ಲ ಎಂದು ನಾಲ್ಕು ವರ್ಷ ಕಣ್ಣಾರೆ ನೋಡಿದ್ದೆ. ಆದರೂ ಒಂದು ದಿನ ಕಟ್ಟಿಯೇ ತೀರುತ್ತೇನೆ ಎಂಬ ಹಟ. ಕೋರ್ಟಿನ ಗುಮಾಸ್ತೆ ಬಹಳ ಗೌರವದಿಂದ ನೀವು ಯಾವ ಚರ್ಚಿನವರು ಎಂದು ಕೇಳಿದಳು. ಜಡ್ಜ್ ಬಂದರು, ನಾನು ಅಭ್ಯಾಸಬಲದಿಂದ "ಮೈ ಲಾರ್ಡ್" ಅಂದೆ. ಅವರು ಕನ್ನಡಕ ತೆಗೆದು, "ಅಷ್ಟು ಎತ್ತರಕ್ಕೆ ನಾನಿನ್ನೂ ಏರಿಲ್ಲ, ಮುಂದುವರಿಸಿ" ಅಂದರು. ಎಲ್ಲರೂ ನಕ್ಕರು. ನಾನು ಬ್ಯಾಂಡ್ ಬಿಚ್ಚಲಿಲ್ಲ. ಸಂಜೆವರೆಗೂ ಕಟ್ಟಿಕೊಂಡೇ ಇದ್ದು ಮನೆಗೆ ಬಂದು ಪೆಟ್ಟಿಗೆಯಲ್ಲಿಟ್ಟೆ.

ಅದು ನಗುವ ತಪ್ಪು. ಇನ್ನೊಂದು ನಗುವಂಥದ್ದಲ್ಲ. ಲಿನ್‌ವುಡ್‌ನ ಒಂದು ಅಂಗಡಿಯಲ್ಲಿ ಹಾವೇರಿ ಕಡೆಯ ಹಿರಿಯರೊಬ್ಬರು ಶೇಂಗಾ ಕೊಳ್ಳಲು ಹೋಗಿದ್ದರು. ಅವರ ಊರಿನ ಸಂತೆಯಲ್ಲಿ ತಿಂದು ನೋಡದೆ ಶೇಂಗಾ ಕೊಂಡರೆ ಮಾರುವವನೇ ನಗುತ್ತಾನೆ. ಇವರು ಒಂದು ಹಿಡಿ ತಿಂದು, ರುಚಿ ಹಿಡಿಸದೆ, ಕೊಳ್ಳದೆ ಬಾಗಿಲ ಕಡೆ ಹೊರಟರು. ಕಾವಲಿನವನು ತಡೆದ. ಇವರು ಸಿಟ್ಟಿಗೆದ್ದರು, ಕಳ್ಳತನದ ಕೇಸಾಯಿತು. ಹೊಸ ವಕೀಲೆಯಾದ ನನಗೆ ಆ ವಾರ ಇನ್ನೊಂದು ದೊಡ್ಡ ಕೇಸಿತ್ತು. "ಒಪ್ಪಿಕೊಂಡುಬಿಡ್ರಿ ಕಾಕಾ, ಸಣ್ಣದು, ಇವತ್ತೇ ಮುಗೀತೈತಿ" ಅಂದೆ. ಅವರು ನನ್ನ ಮಾತು ನಂಬಿ ಒಪ್ಪಿಕೊಂಡರು. ಎರಡು ವರ್ಷದ ಮೇಲೆ ಊರಿಂದ ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಮೊಮ್ಮಗಳು ಹೊರಗೆ ಕಾಯುತ್ತಿದ್ದಂತೆ, ದಾಖಲೆಯಲ್ಲಿ ಉಳಿದಿದ್ದ ಆ ಕಳ್ಳತನದ ಬಗ್ಗೆ ಕೇಳಿದರು. ಆಮೇಲೆ ಅವರು ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೆ ಯಾರ ಕೈಯಲ್ಲೂ ತಪ್ಪು ಒಪ್ಪಿಸುವುದಿಲ್ಲ ಎಂದು ಅವತ್ತು ತೀರ್ಮಾನಿಸಿದೆ, ಕೊನೆಯವರೆಗೂ ಹಾಗೇ ನಡೆದೆ.

ಕೆಲಸದ ರೀತಿ ನನ್ನ ಕಣ್ಣ ಮುಂದೆಯೇ ಬದಲಾಯಿತು. ನಾನು ಬಂದಾಗ ಕಡತಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದೆವು, ಈಗ ಎಲ್ಲವೂ ಮಡಿಲ ಮೇಲಿನ ಕಂಪ್ಯೂಟರಿನಲ್ಲಿದೆ. ಕೊರೋನಾ ನಂತರ ವಿಚಾರಣೆ ಪರದೆಯ ಮೇಲೆ ಬಂತು. ನನ್ನ ಕಕ್ಷಿದಾರನೊಬ್ಬ ಕಾರು ಓಡಿಸುತ್ತಲೇ ಹಾಜರಾಗಿ ಜಡ್ಜ್ ಕೈಲಿ ಬೈಸಿಕೊಂಡ, ಅವನ ಮೇಲಿದ್ದ ಕೇಸು ಅಜಾಗರೂಕ ಚಾಲನೆಯದೇ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಸಾಕ್ಷಿಗಳದ್ದು. ಮೊದಲು ನೋಡಿದವರನ್ನು ಹುಡುಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದೆವು. ಈಗ ಪ್ರತಿ ಮನೆಯ ಬಾಗಿಲ ಗಂಟೆಯಲ್ಲೂ ಕ್ಯಾಮೆರಾ ಇದೆ. ಅದು ಮರೆಯುವುದಿಲ್ಲ, ಪಕ್ಷ ವಹಿಸುವುದಿಲ್ಲ, ಬಂದವರು ಯಾಕೆ ಬಂದರು ಎಂಬುದು ಮಾತ್ರ ಅದಕ್ಕೆ ತಿಳಿಯುವುದಿಲ್ಲ.

ಇನ್ನು ನಾನು ಹೇಳಲೇಬೇಕಾದ ಕೇಸು. ನಿವೃತ್ತಿಗೆ ಸ್ವಲ್ಪ ಮೊದಲು ನಡೆದದ್ದು.

ರೆಂಟನ್‌ನ ಒಂದು ಪಾರ್ಕಿನಲ್ಲಿ ನಮ್ಮವರು ವಾರಾಂತ್ಯಕ್ಕೆ ಕ್ರಿಕೆಟ್ ಆಡುತ್ತಾರೆ. ಅಲ್ಲಿ ರಾಣೆಬೆನ್ನೂರಿನ ವಿನಾಯಕ ಎಂಬ ಇಪ್ಪತ್ತೊಂಬತ್ತರ ಇಂಜಿನಿಯರು ರನ್ ಔಟಾದ. ಔಟಲ್ಲ ಎಂದು ಅವನ ವಾದ. ಆ ಕೂಡಲೇ ಸಿಟ್ಟಿನಲ್ಲಿ ಬ್ಯಾಟ್ ಎಸೆದ. ಅದು ವಿಕೆಟ್ ಕೀಪರ್ ಹರ್ಷನ ದವಡೆಗೆ ಬಡಿದು ಮೂಳೆ ಮುರಿಯಿತು, ಅದು ಕೂಡಲೆಂದು ವೈದ್ಯರು ತಂತಿ ಹಾಕಿ ಬಾಯಿ ಕಟ್ಟಿದರು. ಹರ್ಷ ಮೈಸೂರಿನವನು, ಲಿನ್‌ವುಡ್‌ನಲ್ಲಿ ಒಂಟಿಯಾಗಿದ್ದ. ಪಕ್ಕದ ಮೈದಾನದಲ್ಲಿದ್ದ ಯಾರೋ ಪೊಲೀಸರನ್ನು ಕರೆದರು. ವಿನಾಯಕನ ಮೇಲೆ ತೀವ್ರ ಹಲ್ಲೆಯ ಆರೋಪ ಬಂತು. ಅದು ಸಾಬೀತಾದರೆ ಜೈಲು, ಜೈಲಾದ ಮೇಲೆ ದೇಶ ಬಿಡುವುದು. ವಿಚಾರಣೆವರೆಗೆ ಹೊರಗಿರಲು ಜಡ್ಜ್ ಬಿಟ್ಟರು, ಒಂದು ಷರತ್ತಿನ ಮೇಲೆ. ಹರ್ಷನ ಹತ್ತಿರ ಸುಳಿಯಕೂಡದು, ಮಾತಾಡಕೂಡದು, ಬೇರೆಯವರ ಮೂಲಕವೂ ಸಂಪರ್ಕ ಮಾಡಕೂಡದು. ಮುರಿದರೆ ವಿಚಾರಣೆ ಮುಗಿಯುವತನಕ ಒಳಗೆ. ಒಳಗೆ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ ಹೋಯಿತು.

ಕೇಸು ನನ್ನ ಹತ್ತಿರ ಬಂದದ್ದೇ ಆ ಎರಡು ಪಂದ್ಯದ ಸುಳ್ಳು ಕೀರ್ತಿಯಿಂದ. ವಿನಾಯಕನಿಗೆ ಷರತ್ತನ್ನು ಓದಿ ಹೇಳಿದೆ, ಬರೆದುಕೊಟ್ಟೆ, ಸಹಿ ಹಾಕಿಸಿಕೊಂಡೆ. ಅವನು ತಲೆ ತಗ್ಗಿಸಿ, "ಮೇಡಂ, ಒಂದು ಮೆಸೇಜ್ ಸೈತ ಮಾಡಂಗಿಲ್ರಿ, ಪ್ರಾಮಿಸ್" ಅಂದ. ಮಾಡಲೂ ಇಲ್ಲ.

ಒಂದು ಮಂಗಳವಾರ ಅವನು ತಾಯಿಯನ್ನು ಕಚೇರಿಗೆ ಕರೆದುಕೊಂಡು ಬಂದ. ಶಾಂತವ್ವ, ಆರು ತಿಂಗಳು ಮಗನ ಜೊತೆ ಇರಲು ಬಂದವರು. ವಯಸ್ಸಿನಲ್ಲಿ ನನ್ನ ಓರಗೆಯವರೇ. ಮಗನಿಗೆ ಆಫೀಸಿನಿಂದ ಫೋನು ಬಂದು ಹೊರಗೆ ಹೋದ. ನಾವಿಬ್ಬರೇ ಉಳಿದೆವು. ಎಷ್ಟೋ ದಿನದ ಮೇಲೆ ನಮ್ಮ ಕಡೆಯ ಮಾತು ಆಡಲು ಸಿಕ್ಕಿತೆಂದು ನನಗೆ ಹಿಗ್ಗು. ರಾಣೆಬೆನ್ನೂರಿನ ಮೆಣಸಿನಕಾಯಿ, ಗದಗಿನ ಬಿಸಿಲು ಎಲ್ಲ ಮಾತಾಡಿದೆವು. ನಡುವೆ ಅವರು ಕೇಳಿದರು:

"ಅಕ್ಕಾರ, ಆ ಹುಡುಗ ಈಗ ಎಲ್ಲ್ಯದಾನ್ರಿ? ದವಾಖಾನ್ಯಾಗೋ ಮನ್ಯಾಗೋ?"

"ಮನ್ಯಾಗ ಅದಾನ್ರಿ. ಲಿನ್‌ವುಡ್‌ನ್ಯಾಗ, ಹೊಸಾ ರೈಲು ಬಂದೈತಲ್ಲ, ಅದರ ಕಡೀ ಸ್ಟೇಷನ್ ಬಾಜೂಕ."

"ಅವ್ವ ಅಪ್ಪ ಬಂದಾರೇನ್ರಿ?"

"ಇಲ್ರಿ. ವೀಸಾ ಸಿಕ್ಕಿಲ್ಲಂತ."

"ಹಂಗಾರ ಬಾಯಿ ಕಟ್ಟಿಸ್ಕೊಂಡ ಹುಡುಗಗ ಉಣ್ಣಾಕ ಯಾರು ಮಾಡಿ ಕೊಡ್ತಾರ್ರಿ? ಒಮ್ಮೆ ಹೋಗಿ ಮಾತಾಡ್ಸಿ ಬರಬೇಕಲ್ರಿ ಅಕ್ಕಾರ. ನಾವು ಮನಷ್ಯಾರಲ್ಲೇನು?"

ನಾನು ಉತ್ತರ ಕೊಡಲಿಲ್ಲ. ಚಹಾದ ಕಪ್ಪನ್ನು ಅವರ ಕಡೆ ಸರಿಸಿದೆ. ಅಷ್ಟರಲ್ಲಿ ವಿನಾಯಕ ಒಳಗೆ ಬಂದ, ಮಾತು ಬೇರೆ ಕಡೆ ಹೋಯಿತು.

ಈ ಭಾಗವನ್ನು, ಮಕ್ಕಳೇ, ಎರಡು ಸಲ ಓದಿಸಿಕೊಳ್ಳಿ. ಗಾಯಗೊಂಡವನ ಮನೆ ಎಲ್ಲಿದೆ ಎಂದು ಆರೋಪಿಯ ಕಡೆಯವರಿಗೆ ವಕೀಲರು ಹೇಳಕೂಡದು. ವಿನಾಯಕನಿಗೆ ಕೊಟ್ಟ ಕಾಗದಗಳಲ್ಲಿ ಆ ವಿಳಾಸಕ್ಕೆ ನಾನೇ ಕಪ್ಪು ಬಳಿದಿದ್ದೆ. ಕಾಗದದಲ್ಲಿ ಮುಚ್ಚಿದ್ದನ್ನು ಚಹಾ ಕುಡಿಯುತ್ತ ಬಾಯಲ್ಲಿ ಬಿಟ್ಟೆ. ಯಾವೂರು, ಎಲ್ಲಿರ್ತಾರೆ, ಅಪ್ಪ ಅಮ್ಮ ಎಲ್ಲಿ ಎಂದು ಕೇಳುವುದು ನಮ್ಮ ಮಾತಿನ ಶುರುವೇ ಆದ್ದರಿಂದ, ಕೇಳಿದಾಗ ಉತ್ತರ ತಾನಾಗಿ ಹೊರಟಿತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಹೋಗಬೇಡಿ ಅನ್ನಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬರ ಮಗನ ಕೈಯಿಂದ ಇನ್ನೊಬ್ಬರ ಮಗನಿಗೆ ಪೆಟ್ಟಾದರೆ, ಹೊಡೆದವನ ತಾಯಿ ಹೋಗಿ ನೋಡಿ ಬರಬೇಕು. ಹೋಗದಿದ್ದರೆ ಎರಡು ಮನೆಗೂ ಮಾತು ಮುರಿದಂತೆ. ಆ ಹೆಣ್ಣುಮಗಳ ಮುಖ ನೋಡಿ, ನೀವು ಹೋಗಕೂಡದು ಅನ್ನಲು ನನಗೆ ನಾಚಿಕೆಯಾಯಿತು. ಸುಮ್ಮನಿದ್ದೆ. ನಮ್ಮಲ್ಲಿ ಕೇಳಿದ್ದಕ್ಕೆ ಹಿರಿಯರು ಸುಮ್ಮನಿದ್ದರೆ ಒಪ್ಪಿದ ಹಾಗೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮರುದಿನ ಮಗ ಕೆಲಸಕ್ಕೆ ಹೋದ ಮೇಲೆ ಶಾಂತವ್ವ ಜೋಳದ ಹಿಟ್ಟಿನ ಅಂಬಲಿ ಕಾಯಿಸಿ, ಕೊಳವೆಯಲ್ಲಿ ಹೀರುವಷ್ಟು ತೆಳ್ಳಗೆ ಮಜ್ಜಿಗೆ ಬೆರೆಸಿ, ಥರ್ಮಾಸಿಗೆ ತುಂಬಿದರು. ಇಂಗ್ಲಿಷಿನ ಒಂದಕ್ಷರ ಬಾರದ ಅವರು ಮಗ ಮಾಡಿಸಿಕೊಟ್ಟಿದ್ದ ಕಾರ್ಡು ಹಿಡಿದು ಬಸ್ಸು ಹತ್ತಿದರು, ಬಸ್ಸಿನಿಂದ ರೈಲು ಹತ್ತಿದರು. ಕಡೆಯ ಸ್ಟೇಷನ್ ಎಂದು ನಾನು ಹೇಳಿದ್ದೆನಲ್ಲ, ಎಲ್ಲರೂ ಇಳಿಯುವತನಕ ಕೂತಿದ್ದರಂತೆ. ಇಳಿದು ಒಂದು ಇಂಡಿಯನ್ ಅಂಗಡಿ ಹುಡುಕಿ, ದವಡೆಯ ಮೇಲೆ ಕೈಯಿಟ್ಟು, ಕ್ರಿಕೆಟ್, ಹರ್ಷ ಅಂದರು. ಅಂಗಡಿಯ ತೆಲುಗಿನವರಿಗೆ ಆ ಸುದ್ದಿ ಮೊದಲೇ ಗೊತ್ತಿತ್ತು. ಮನೆಬಾಗಿಲವರೆಗೂ ಬಿಟ್ಟು ಹೋದರು.

ಹರ್ಷನಿಗೆ ಅದು ಎಷ್ಟು ಹಿತವಾಯಿತೆಂದರೆ, ಸರ್ಕಾರಿ ವಕೀಲರ ಕಚೇರಿಯಿಂದ ಆರೋಗ್ಯ ವಿಚಾರಿಸಿದಾಗ ಅವನೇ ಮೆಸೇಜಿನಲ್ಲಿ ತಿಳಿಸಿದ. ಅವರ ಅಮ್ಮ ಬಂದಿದ್ದರು, ಊಟ ಕೊಟ್ಟರು, ತುಂಬಾ ಒಳ್ಳೆಯವರು ಎಂದು. ಪಾಪ, ಉಪಕಾರ ನೆನೆದದ್ದು ಅವನು. ಶುಕ್ರವಾರ ನನ್ನ ಕಂಪ್ಯೂಟರಿಗೆ ಅರ್ಜಿ ಬಂತು. ಆರೋಪಿ ತನ್ನ ತಾಯಿಯ ಮೂಲಕ ಸಾಕ್ಷಿಯನ್ನು ಸಂಪರ್ಕಿಸಿ ಒತ್ತಡ ಹೇರಿದ್ದಾನೆ, ಅವನನ್ನು ಒಳಗೆ ಹಾಕಬೇಕು ಎಂದು. ಜೊತೆಗೆ ಹರ್ಷನಿಂದ ತರಿಸಿಕೊಂಡ ಬಾಗಿಲ ಗಂಟೆಯ ವಿಡಿಯೋ. ಅದರಲ್ಲಿ ಶಾಂತವ್ವ ಎರಡು ಕೈಯಿಂದ ಥರ್ಮಾಸ್ ಕೊಟ್ಟು, "ಲಗೂ ಆರಾಮಾಗಪಾ. ನನ್ನ ಮಗನ ಮ್ಯಾಲೆ ಸಿಟ್ಟ ಇಟ್ಕೋಬ್ಯಾಡ" ಅನ್ನುತ್ತಾರೆ. ಅನುವಾದದಲ್ಲಿ ಏನೂ ತಪ್ಪಿರಲಿಲ್ಲ. ಓದಿದರೆ ನನಗೂ ಅದು ಒತ್ತಡದ ಹಾಗೇ ಕಂಡಿತು. ಅರ್ಜಿಯ ಜೀವಾಳ ಒಂದೇ ಪ್ರಶ್ನೆ: ಈ ಹೆಂಗಸಿಗೆ ಆ ಮನೆ ಗೊತ್ತಾದದ್ದು ಹೇಗೆ? ಮಗನಲ್ಲದೆ ಇನ್ನಾರು ಹೇಳಿಯಾರು?

ನಾನು ನೇರ ಅವರ ಮನೆಗೆ ಹೋದೆ. ವಿನಾಯಕ ಬಾಗಿಲಲ್ಲೇ ಎದುರಾದ. "ಮೇಡಂ, ಐ ಸ್ವೇರ್, ನಂಗ ಗೊತ್ತ ಇರ್ಲಿಲ್ರಿ. ನಾ ಆಫೀಸ್‌ನ್ಯಾಗ ಇದ್ದೆ. ಅವ್ವ, ಯಾರು ಹೇಳಿದ್ರು ನಿನಗ ಅಡ್ರೆಸ್? ಖರೇ ಹೇಳು."

ಶಾಂತವ್ವ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ದೇವರು ಹೇಳಿದ."

"ಅವ್ವ, ಕೋರ್ಟಿನ್ಯಾಗ ಹಂಗ ಅನ್ನಾಕ ಬರಂಗಿಲ್ಲ."

"ನಾ ಹಂಗಽ ಅನ್ನಾಕಿ."

ಮಗ ಅತ್ತ ಹೋದಾಗ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಅಕ್ಕಾರ, ನೀವೇನೂ ಅಂಜಬ್ಯಾಡ್ರಿ. ನಿಮ್ಮ ಹೆಸರು ನನ್ನ ಬಾಯಾಗ ಬರಂಗಿಲ್ಲ. ನಿಮಗ ತ್ರಾಸ ಆಕ್ಕೈತಿ."

ಮಗ ಜೈಲಿಗೆ ಹೋಗುವ ಹೊಸ್ತಿಲಲ್ಲಿದ್ದಾನೆ, ಇವರು ನನ್ನನ್ನು ಕಾಪಾಡಲು ಹೊರಟಿದ್ದಾರೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೇ ಸಿಟ್ಟು ಬಂತು. ವಿನಾಯಕನನ್ನು ಕರೆದೆ. ಅಡ್ರೆಸ್ ಹೇಳಿದ್ದು ನಾನು, ಕೋರ್ಟಿನಲ್ಲಿ ನಾನೇ ಸಾಕ್ಷಿ ಹೇಳುತ್ತೇನೆ, ಆಗ ನಿನ್ನ ವಕೀಲೆಯಾಗಿ ಉಳಿಯಲು ಬರುವುದಿಲ್ಲ, ಅದಕ್ಕೆ ನಿನ್ನ ಒಪ್ಪಿಗೆ ಬೇಕು, ಬೇಕಾದರೆ ಹೊರಗಿನ ವಕೀಲರನ್ನು ಕೇಳಿ ತೀರ್ಮಾನ ಮಾಡು ಅಂದೆ.

ಅವನು, "ಮತ್ತ ನಿಮ್ಮ ಲೈಸೆನ್ಸ್ ಮೇಡಂ?" ಎಂದು ಕೇಳಿದ.

"ಅದು ನಂದು. ನೀ ನಿಂದು ನೋಡ್ಕೋ" ಅಂದೆ. ಅವನು ಒಪ್ಪಿಗೆ ಬರೆದುಕೊಟ್ಟ.

ಹಾರ್ಲನ್ ಆಗ ವಾರಕ್ಕೆರಡು ದಿನ ಮಾತ್ರ ಕಚೇರಿಗೆ ಬರುತ್ತಿದ್ದರು. ಕೇಸನ್ನು ಅವರೇ ವಹಿಸಿಕೊಳ್ಳಬೇಕೆಂದು ಕೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀನು ಮಾತಾಡಲೇಬೇಕು ಅಂತಿಲ್ಲ. ಮಗನೇ ಕಳಿಸಿದ ಎನ್ನಲು ಅವರ ಹತ್ತಿರವೂ ಪುರಾವೆ ಇಲ್ಲ. ಅಷ್ಟನ್ನೇ ಹಿಡಿದು ನಾನು ವಾದಿಸಬಲ್ಲೆ" ಅಂದರು.

"ಆಗ ಗೆಲ್ಲುತ್ತೇವೆಯೇ?"

"ಗೆಲ್ಲಬಹುದು."

"ಬಹುದು ಎಂಬುದರ ಮೇಲೆ ಆ ತಾಯಿಯನ್ನು ಕೂರಿಸಲಾರೆ. ನನ್ನನ್ನು ಕರೆಯಿರಿ."

ಅವರು ಮೇಜಿನ ಮೇಲಿದ್ದ ಕಡತ ತಮ್ಮ ಕಡೆ ಎಳೆದುಕೊಂಡರು.

ಸಾಕ್ಷಿಯ ಕುರ್ಚಿಯಲ್ಲಿ ಕೂತದ್ದು ನಾನು ಅದೇ ಮೊದಲು. ಅಲ್ಲಿಂದ ಕೋರ್ಟು ಬೇರೆಯಾಗಿ ಕಾಣುತ್ತದೆ. ನೂರಾರು ಜನರನ್ನು ಅಲ್ಲಿ ಕೂರಿಸಿ ಬೆವರಿಸಿದವಳಿಗೆ ನೀರಿನ ಲೋಟ ಎಷ್ಟು ದೂರ ಇಟ್ಟಿರುತ್ತಾರೆಂಬುದು ಗೊತ್ತಿರಲಿಲ್ಲ. ಹಾರ್ಲನ್ ಮೂರೇ ಪ್ರಶ್ನೆ ಕೇಳಿದರು. ಹರ್ಷನ ಮನೆ ಎಲ್ಲಿ ಎಂದು ತಾಯಿಗೆ ಹೇಳಿದವರು ಯಾರು? ನಾನು. ಅವರು ನೋಡಲು ಹೋಗಬೇಕು ಅಂದಾಗ ತಡೆದಿರಾ? ಇಲ್ಲ. ಆ ಮಾತು ನಡೆದಾಗ ಮಗ ಕೋಣೆಯಲ್ಲಿದ್ದನೇ? ಇರಲಿಲ್ಲ. ಇಷ್ಟು ಹೇಳಿ ಅವರು ಕೂತರು.

ಸರ್ಕಾರಿ ವಕೀಲೆ ಎದ್ದು, ನಿಮ್ಮ ಕಕ್ಷಿದಾರನನ್ನು ಉಳಿಸಲು ಹೀಗೆ ಹೇಳುತ್ತಿದ್ದೀರಿ ಅಲ್ಲವೇ ಎಂದು ಕೇಳಿದಳು. ಹಾಗಿದ್ದರೆ ಇದಕ್ಕಿಂತ ಅಗ್ಗದ ದಾರಿ ಹುಡುಕುತ್ತಿದ್ದೆ ಅಂದೆ. ಅವಳು ಮತ್ತೆ ಕೇಳಲಿಲ್ಲ. ಕೇಳಿದವರು ಜಡ್ಜ್. ಹತ್ತು ವರ್ಷದಿಂದ ನನ್ನನ್ನು ಬಲ್ಲವರು, ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು.

"ಷರತ್ತು ನಿಮಗೆ ಗೊತ್ತಿತ್ತು. ಇಷ್ಟು ವರ್ಷದ ಅನುಭವ ಇತ್ತು. ಹೋಗಬೇಡಿ ಎಂದು ಯಾಕೆ ಹೇಳಲಿಲ್ಲ?"

ನಾನು ಹೇಳಿದೆ: "ನಮ್ಮ ಕಡೆ ಮಗನ ಕೈಯಿಂದ ಯಾರಿಗಾದರೂ ನೋವಾದರೆ ತಾಯಿ ಹೋಗಿ ಅವರನ್ನು ನೋಡಿ ಬರುತ್ತಾಳೆ. ಆಕೆಯ ಜಾಗದಲ್ಲಿ ನನ್ನ ತಾಯಿ ಇದ್ದರೂ ಹೋಗುತ್ತಿದ್ದಳು. ಅದನ್ನು ಮಾಡಬೇಡಿ ಅನ್ನಲು ನನಗೆ ನಾಚಿಕೆಯಾಯಿತು. ನಾಚಿಕೆ ಕಾನೂನು ಒಪ್ಪುವ ಕಾರಣವಲ್ಲ. ಆದರೆ ನಡೆದದ್ದು ಅದೇ."

ಜಡ್ಜ್ ತೀರ್ಮಾನ ಹೇಳಿದರು. ವಿನಾಯಕ ಹೊರಗೇ ಇರಬಹುದು. ಅವನ ಮನೆಯವರು ಯಾರೂ ಹರ್ಷನ ಹತ್ತಿರ ಹೋಗಕೂಡದು ಎಂದು ಷರತ್ತಿಗೆ ಸೇರಿಸಿದರು. ನಾನು ಈ ಕೇಸಿನಿಂದ ಹೊರಗೆ. ನನ್ನ ಮಾತಿನ ಪ್ರತಿ ವಕೀಲರ ಸಂಘಕ್ಕೆ ಹೋಗಬೇಕು. ಅದು ಹೋಯಿತು. ಕೆಲವು ತಿಂಗಳ ಮೇಲೆ ನನಗೆ ಬಹಿರಂಗ ಛೀಮಾರಿ ಬಂತು. ನಿವೃತ್ತಿಯ ದಿನ ಕೊಟ್ಟ ಫಲಕದ ಬಗ್ಗೆ ಬಳಗದವರು ಮಾತಾಡುತ್ತಾರೆ. ಹುಡುಕಿದರೆ ಆ ಛೀಮಾರಿಯೂ ನಿಮಗೆ ಸಿಗುತ್ತದೆ, ಓದಿಕೊಳ್ಳಿ. ಅದರಲ್ಲಿ ಬರೆದದ್ದೆಲ್ಲ ನಿಜ.

ವಿಚಾರಣೆಗೆ ನಾನು ಹೊರಗಿನವಳಾದರೂ ಹಾರ್ಲನ್‌ಗೆ ಕ್ರಿಕೆಟ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ವಿನಾಯಕ ಒಪ್ಪಿದ, ಯಾರ ಆಕ್ಷೇಪವೂ ಇರಲಿಲ್ಲ. ಅವರಿಗೂ ಸರ್ಕಾರಿ ವಕೀಲೆಗೂ ಗೊತ್ತಿದ್ದದ್ದು ಬೇಸ್‌ಬಾಲ್. ಅಲ್ಲಿ ಹೊಡೆದವನು ಬ್ಯಾಟ್ ಬಿಟ್ಟು ಓಡುತ್ತಾನೆ. ಹಾಗಾಗಿ, ಇವನು ಓಡುವಾಗಲೂ ಬ್ಯಾಟ್ ಯಾಕೆ ಹಿಡಿದಿದ್ದ, ಹೊಡೆಯುವ ಉದ್ದೇಶವೇ ಇತ್ತು ಎಂದು ಸರ್ಕಾರದ ವಾದ. ಕ್ರಿಕೆಟ್ಟಿನಲ್ಲಿ ಬ್ಯಾಟ್ ಕೈಯಲ್ಲೇ ಇರಬೇಕು, ಗೆರೆ ಮುಟ್ಟಿಸುವುದೇ ಅದರಿಂದ ಎಂದು ಟೇಬಲ್ ಮೇಲೆ ಸ್ಕೇಲು, ಕಪ್ಪು ಇಟ್ಟು ತೋರಿಸಿದೆ. ಇನ್ನೊಂದು ವಿಷಯ ವೈದ್ಯರ ವರದಿಯಲ್ಲಿತ್ತು. ಪೆಟ್ಟು ಬಿದ್ದದ್ದು ದವಡೆಯ ಕೆಳಗಿನಿಂದ ಮೇಲಕ್ಕೆ. ರನ್ ಔಟಿಗೆ ಚೆಂಡು ಹಿಡಿದ ಕೀಪರ್ ಸ್ಟಂಪಿನ ಮೇಲೆ ಬಗ್ಗಿರುತ್ತಾನೆ. ನೇರ ಅವನ ಕಡೆ ಎಸೆದಿದ್ದರೆ ತಲೆಗೋ ಭುಜಕ್ಕೋ ಬೀಳಬೇಕು. ಕೆಳಗಿನಿಂದ ಬಂದಿದೆ ಅಂದರೆ ಬ್ಯಾಟ್ ಮೊದಲು ನೆಲಕ್ಕೆ ಬಡಿದು ಪುಟಿದಿದೆ. ಅವನು ಎಸೆದದ್ದು ನೆಲಕ್ಕೆ. ಆ ಬಗ್ಗುವಿಕೆ ನನಗೆ ಗೊತ್ತಿತ್ತು, ಎರಡು ಪಂದ್ಯ ಬಗ್ಗಿದವಳಲ್ಲವೇ. ಹಾರ್ಲನ್ ತೀರ್ಪುಗಾರರ, ಅಂದರೆ ತಪ್ಪೋ ಅಲ್ಲವೋ ಎಂದು ಹೇಳಲು ಸಾಮಾನ್ಯ ಜನರಿಂದ ಆರಿಸಿ ಕೂರಿಸಿದ ಹನ್ನೆರಡು ಮಂದಿಯ, ಮುಂದೆ ಎಪ್ಪತ್ತು ದಾಟಿದ ತಮ್ಮ ಮಂಡಿ ಹಿಡಿದುಕೊಂಡು ಬಗ್ಗಿ ತೋರಿಸಿದರು. ಹರ್ಷನೂ ಬಂದು, ಬ್ಯಾಟ್ ನನ್ನ ಕಡೆ ಬರುವುದನ್ನು ನೋಡಲಿಲ್ಲ, ಕೆಳಗಿಂದ ಬಂತು ಎಂದು ಇದ್ದದ್ದು ಇದ್ದ ಹಾಗೆ ಹೇಳಿದ.

ತೀರ್ಪಿನ ದಿನ ನಾನು ಹಿಂದಿನ ಬೆಂಚಿನಲ್ಲಿ ಶಾಂತವ್ವನವರ ಪಕ್ಕ ಕೂತಿದ್ದೆ. ಮಾತಾಡಲು ಅಧಿಕಾರವಿಲ್ಲದೆ ಕೋರ್ಟಿನಲ್ಲಿ ಕೂರುವ ಕಷ್ಟ ಅವತ್ತು ತಿಳಿಯಿತು. ಎರಡು ಸಲ ಎದ್ದು ನಿಲ್ಲಲು ಹೋಗಿ ಬೆಂಚು ಹಿಡಿದು ಕೂತೆ. ತೀರ್ಪುಗಾರರಲ್ಲಿ ಮುಖ್ಯಸ್ಥೆಯಾಗಿದ್ದವಳು ಎದ್ದು ಕಾಗದ ಓದಿದಳು. ಶಾಂತವ್ವ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಂದಾರ್ರಿ ಅಕ್ಕಾರ?"

"ದೊಡ್ಡ ಕೇಸು ಬಿಟ್ಟುಹೋತ್ರಿ. ಸಣ್ಣದೊಂದು ತಪ್ಪು ಅಂದಾರ. ಎರಡು ವಾರ ಬಿಟ್ಟು ಅದಕ್ಕ ಶಿಕ್ಷೆ ಹೇಳ್ತಾರ, ಊರು ಬಿಡಿಸೂವಂಥಾದ್ದಲ್ಲ. ಮಗ ಮನೀಗೆ ಬರ್ತಾನ್ರಿ."

ಅವರು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈ ಹಿಡಿದುಕೊಂಡೇ ಹೊರಗೆ ಬಂದರು. ಕಾರಿಡಾರಿನ ಆ ತುದಿಯಲ್ಲಿ ಹರ್ಷ ನಿಂತಿದ್ದ. ಹತ್ತು ಹೆಜ್ಜೆ ದೂರ. ಬಾಯಿ ಬಿಚ್ಚಿಸಿ ಆಗಲೇ ಬಹಳ ದಿನವಾಗಿತ್ತು, ಆದರೂ ಕೆನ್ನೆ ಇಳಿದೇ ಇತ್ತು. ಶಾಂತವ್ವನವರನ್ನು ನೋಡಿ ನಕ್ಕ, ಅರ್ಧ ಕೈ ಎತ್ತಿದ. ಅವರ ಮುಖ ಅರಳಿತು. "ಎಷ್ಟ ಸೊರಗ್ಯಾನ ನೋಡ್ರಿ ಕೂಸು" ಎನ್ನುತ್ತ ಅವನ ಕಡೆ ಹೊರಟೇಬಿಟ್ಟರು.

ಶಿಕ್ಷೆ ಹೇಳುವತನಕ ಷರತ್ತು ಜಾರಿಯಲ್ಲಿತ್ತು. ನಾನು ಓಡಿ ಅವರ ಎದುರು ನಿಂತು ಎರಡು ಭುಜವನ್ನೂ ಹಿಡಿದೆ. ಜನ ತಿರುಗಿ ನೋಡಿದರು. ಹರ್ಷನ ನಗು ಅಲ್ಲೇ ನಿಂತಿತು. ನಾಚಿಕೆ ಮೊದಲಿನಷ್ಟೇ ಬಂತು, ಒಂದು ಕೂದಲೆಳೆಯಷ್ಟೂ ಕಡಿಮೆ ಬರಲಿಲ್ಲ.

"ಬ್ಯಾಡ್ರಿ ಶಾಂತವ್ವಾರ" ಅಂದೆ. "ಹೋಗಬ್ಯಾಡ್ರಿ."